ಮೂರನೆಯ ದಿನದ ಗಾಜು

ಪರ್ವರಿಯ ಗುಡ್ಡದ ಮೇಲೆ ಎಂಟು ಮಹಡಿ ಏಳುತ್ತಿದ್ದ ವರ್ಷ
ಸೆಂಟ್ರಿಂಗ್ ಕೆಲಸದ ಖೀರು ರಾಠೋಡ
ನಮ್ಮ ಆಸ್ಪತ್ರೆಯ ಬೆಂಚಿನಲ್ಲಿ
ಮಧ್ಯಾಹ್ನದ ಸೆಕೆಗೂ ಕಂಬಳಿ ಹೊದ್ದು ಕೂತಿದ್ದ.
ಸಿಮೆಂಟು ತಿಂದ ಬೆರಳು,
ಎರಡು ಸಲ ಚುಚ್ಚಬೇಕಾಯಿತು.

ಗೀಮ್ಸಾ ನೀಲಿಯಲ್ಲಿ ಅದ್ದಿ, ತೊಳೆದು, ಒಣಗಿಸಿ,
ಒಂದು ಹನಿ ಎಣ್ಣೆ ಬಿಟ್ಟು ಕಣ್ಣಿಟ್ಟರೆ
ಉಂಗುರ. ಎಲ್ಲಿ ನೋಡಿದರೂ
ಒಂದೊಂದು ಹರಳು ಕೂರಿಸಿದ ಪುಟ್ಟ ಉಂಗುರ,
ಅಕ್ಕಸಾಲಿಗನ ತಟ್ಟೆ ಕೈತಪ್ಪಿ ಬಿದ್ದ ಹಾಗೆ.
ಇನ್ನೂರು ಬಿಳಿಕಣ ಮುಗಿಯುವ ಹೊತ್ತಿಗೆ
ಆರುನೂರ ಹನ್ನೆರಡು.
ಕೌಂಟರಿನ ಗುಂಡಿ ಒತ್ತಿ ಒತ್ತಿ ಇಪ್ಪತ್ತಾರು ವರ್ಷಕ್ಕೆ
ನನ್ನ ಎಡ ಹೆಬ್ಬೆರಳಿಗೆ ಆಣಿ ಬಂದಿದೆ.

ಮೊದಲ ದಿನದ ಮಾತ್ರೆ ನಮ್ಮೆದುರೇ ನುಂಗಿದ.
ಉಳಿದದ್ದನ್ನು ಕೆಂಪು ಪೊಟ್ಟಣದಲ್ಲೇ ಕೈಗಿಟ್ಟು
ಡಾಕ್ಟರ್ ಪ್ರಿಸಿಲ್ಲಾ ಕೊಂಕಣಿಯಲ್ಲಿ ಹೇಳಿದರು,
ನಾನು ಕನ್ನಡದಲ್ಲಿ,
ಅವನು ಲಂಬಾಣಿಯಲ್ಲಿ,
ಬಾಗಿಲಲ್ಲಿ ನಿಂತ ಸೀತ್ಲಿಬಾಯಿಗೆ.
ಮೂರು ಭಾಷೆ ದಾಟುವಷ್ಟರಲ್ಲಿ ಏನೇನು ಉದುರಿತೋ.

ಮರುದಿನ ನೂರ ಎಂಬತ್ತು. ಆಚೆ ದಿನ ಮೂವತ್ತೊಂದು.
ಮೂರನೆಯ ದಿನ ಗಾಜು ಖಾಲಿ ಇರಬೇಕು.

ನಾಲ್ಕು.

ಬಣ್ಣದ ಕಸ ಇರಬಹುದೆಂದು ಕಣ್ಣೊರೆಸಿಕೊಂಡೆ,
ಗಾಜು ಸರಿಸಿದೆ, ಬಲ್ಬು ಏರಿಸಿದೆ.
ನಾಲ್ಕೇ.
ತರಬೇತಿಯಲ್ಲಿ ಕೇಳಿದ್ದೆ, ದೂರದ ಮೇಕಾಂಗ್ ದಡದಲ್ಲಿ
ಮದ್ದು ಬರುವ ಸದ್ದಿಗೆ ಉಂಗುರಗಳು
ಉಸಿರು ಬಿಗಿಹಿಡಿದು ಸತ್ತಂತೆ ಮಲಗುತ್ತವಂತೆ,
ಮದ್ದು ಇಳಿದ ಮೇಲೆ ಏಳುತ್ತವಂತೆ.
ಅದು ನನ್ನ ಮೇಜಿಗೂ ಬಂತೇ?

"ಎಲ್ಲಾ ನುಂಗಿದಿಯಾ?"
"ನುಂಗೀನ್ರಿ," ಅಂದ,
ಗೋಡೆಯ ಸೊಳ್ಳೆ ಚಿತ್ರಕ್ಕೆ.

ಮೊದಲ ದಿನ ಸೋಸುಕಾಗದದಲ್ಲಿ ಹೀರಿಸಿಟ್ಟ ಮೂರು ಹನಿ
ಒಣಗಿ ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದವು.
ಲಕೋಟೆಗೆ ಹಾಕಿ ದೊಡ್ಡ ಪ್ರಯೋಗಾಲಯಕ್ಕೆ ಕಳಿಸಿದೆವು.
ಏಳನೆಯ ದಿನ ಅವನ ಗಾಜಿನಲ್ಲಿ ಏನೂ ಇರಲಿಲ್ಲ.

ಒಂಬತ್ತನೆಯ ದಿನ ಬಂದವಳು ಸೀತ್ಲಿಬಾಯಿ.
ಸೀರೆಯ ಮೇಲೆ ಗಂಡನ ಶರ್ಟು, ಅದರೊಳಗೆ ನಡುಕ.
"ಆವತ್ತೂ ಇತ್ರಿ ನನಗ ಜ್ವರ.
ಪಗಾರ ಹೋಗ್ತದಂತ ಹೇಳಲಿಲ್ಲ.
ಅವ ಎರಡನೇ ದಿನದ ಗುಳಿಗಿ
ಅರ್ಧಕ್ಕರ್ಧ ಮಾಡಿ ಕೊಟ್ಟ."

ಬೈಯಲು ಬಾಯಿ ಬರಲಿಲ್ಲ.
ಇದ್ದುದರಲ್ಲಿ ಹಂಚಿಕೊಂಡು ತಿನ್ನು ಎಂದು
ನನ್ನ ಮಗಳಿಗೆ ಕಲಿಸಿದವಳು ನಾನೇ.
ಅರ್ಧ ಏಟು ತಿಂದ ನಾಯಿ ಕೋಲಿನ ಗುರುತು ಹಿಡಿಯುತ್ತದಮ್ಮ,
ರಕ್ತದೊಳಗಿನದೂ ಹಾಗೇ, ಎಂದಷ್ಟು ಹೇಳಿ
ಬೆರಳು ಹಿಡಿದೆ. ಕಾದ ತವೆ.
ಆವತ್ತು ಬಾಗಿಲಲ್ಲಿ ನಿಂತಿದ್ದಳು.
ನನ್ನ ಕೈಯಲ್ಲಿ ಸೂಜಿಯೂ ಇತ್ತು, ಹತ್ತಿಯೂ ಇತ್ತು.

ಉತ್ತರ ಬಂದದ್ದು ಐದು ತಿಂಗಳಿಗೆ.
ಕಟ್ಟಡಕ್ಕೆ ಬಣ್ಣ ಬಳಿದಾಗಿತ್ತು, ಈಜುಕೊಳಕ್ಕೆ ನೀರು ಬಿಟ್ಟಿದ್ದರು,
ಅವರಿಬ್ಬರೂ ಪುಣೆ ಕಡೆ ಹೋದರೆಂದು ಮೇಸ್ತ್ರಿ ಹೇಳಿದ.
ಫೋನು ಸ್ವಿಚ್ ಆಫ್.
ಕಾಗದದಲ್ಲಿ ಒಂದೇ ಸಾಲು: ಬದಲಾವಣೆ ಇಲ್ಲ, ವೈಲ್ಡ್ ಟೈಪ್.
ಕಾಡಿನದು ಅಂತ ಅರ್ಥ.
ಅಂದರೆ ಇನ್ನೂ ನಮ್ಮ ಮದ್ದಿನ ಮಾತು ಕೇಳುವಂಥದ್ದು.
ಪ್ರಿಸಿಲ್ಲಾ ಎಲ್ಲರಿಗೂ ಚಹಾ ತರಿಸಿದರು.
ನಾನು ಕುಡಿದೆ, ಸಕ್ಕರೆ ಹೆಚ್ಚಾಗಿತ್ತು.

ನಮ್ಮ ಫಾರ್ಮಿನಲ್ಲಿ ವಯಸ್ಸಿಗೆ ಮನೆಯಿದೆ, ತೂಕಕ್ಕಿದೆ,
ವಾಂತಿಯಾಯಿತೇ ಎನ್ನುವುದಕ್ಕೂ ಇದೆ.
ಈ ಪೊಟ್ಟಣದಲ್ಲಿ ಇನ್ನೆಷ್ಟು ಜನ ಉಣ್ಣುತ್ತಾರೆ
ಎನ್ನುವುದಕ್ಕಿಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ ಬರೆಯುತ್ತೇನೆ.

ಇವತ್ತು ಬಂದವನು ಟೈಲ್ಸ್ ಹುಡುಗ, ಜಾರ್ಖಂಡದವನು.
ಸೂಜಿ ಬಿಚ್ಚುವ ಮೊದಲು ಹೊಸ್ತಿಲಾಚೆ ನೋಡಿದೆ:
ಅವನ ಚಪ್ಪಲಿಯ ಪಕ್ಕ ಇನ್ನೊಂದು ಜೊತೆ,
ಸಣ್ಣ ಅಳತೆಯದು.