ಹದಿನಾಲ್ಕನೇ ಕೋಣೆಯ ಟಾಕೀಸು

ಜಲೀಬಿನ ಚಳಿಗೆ ಮಂಚದ ಸ್ಪ್ರಿಂಗೂ ಕೆಮ್ಮುತ್ತದೆ.
ಗುರುವಾರ ರಾತ್ರಿ, ನಾಳೆ ರಜೆ,
ಎರಡಂತಸ್ತಿನ ಆರು ಮಂಚ, ಹನ್ನೊಂದು ಮಂದಿ,
ಬಾಗಿಲ ಸಂದಿಗೆ ತುರುಕಿದ ಟವೆಲು,
ಗೋಡೆಗೆ ಮೊಳೆ ಹೊಡೆದು ಕಟ್ಟಿದ
ಪೂವಪ್ಪಣ್ಣನ ಬೆಡ್‌ಶೀಟು.
ಅದರ ನಡುವೆ ಒಂದು ಮಾಸಿದ ನವಿಲು.
ಎಷ್ಟು ಒಗೆದರೂ ಹೋಗುವುದಿಲ್ಲ ಮಾರಾಯ, ಇರಲಿ,
ಅದೂ ನೋಡಲಿ ಎನ್ನುತ್ತಾನೆ.

ಹಂಚಿನ ಕಾರ್ಖಾನೆ ಮುಚ್ಚಿದ ವರ್ಷ
ನೇತ್ರಾವತಿಯ ಜೇಡಿಮಣ್ಣು ಉಗುರಲ್ಲೇ ಇಟ್ಟುಕೊಂಡು
ವಿಮಾನ ಹತ್ತಿದವನು.
ಯೂನಿಯನ್ನಿನ ರಶೀದಿ ಪುಸ್ತಕ ಊರಲ್ಲೇ ಬಿಟ್ಟ.
ಇಲ್ಲಿ ಪೆನ್‌ಡ್ರೈವು, ಹೆಬ್ಬೆರಳಿಗಿಂತ ಸಣ್ಣದು,
ಸಾಂಬಾರು ಪುಡಿಯ ಡಬ್ಬಿಯ ತಳದಲ್ಲಿ.
ಸಾಕ್ಷ್ಯಚಿತ್ರವೆಂದರೆ ಅವನಿಗೆ ನಿಜವಾಗಿ ಸಾಕ್ಷಿ:
ಕಟಕಟೆ ಹತ್ತಬೇಕು,
ಪಾಟೀಸವಾಲಿಗೆ ಉತ್ತರಿಸಬೇಕು.

ಇವತ್ತಿನದು ಯಾವುದೋ ಹಿಮದ ದೇಶದ ಕಬ್ಬಿಣದ ಕಾರ್ಖಾನೆ.
ಕಪ್ಪು ಬಿಳುಪು, ಮಾತಿಲ್ಲ.
ಚಿಮಣಿಯ ಹೊಗೆ ನವಿಲಿನ ಕೊರಳಿಗೆ ಸುತ್ತಿ
ಗೇಟು ತೆರೆದು ಟೋಪಿಗಳು, ಟೋಪಿಗಳು, ಟೋಪಿಗಳು...
ನಿಲ್ಸು ಎಂದು ತಾನೇ ನಿಲ್ಲಿಸುತ್ತಾನೆ.
"ಇವರ ಕೈ ನೋಡಿ. ಖಾಲಿ.
ಬೆಳಗ್ಗಿಂದ ಮಾಡಿದ್ದೆಲ್ಲ ಎಲ್ಲಿಗೆ ಹೋಯ್ತು?"

ಅವನ ಕನ್ನಡ ನನ್ನ ಹಿಂದಿಯಾಗಿ
ನನ್ನ ಹಿಂದಿ ದಿಲ್‌ಬಹಾದೂರನ ನೇಪಾಳಿಯಾಗಿ
ಶೊಫಿಕುಲನ ಬಂಗಾಳಿಯಾಗಿ ಮೇಲಿನ ಮಂಚ ತಲುಪುವಷ್ಟರಲ್ಲಿ
'ಮಿಗುತಾಯ ಮೌಲ್ಯ' ಅರ್ಧ ಸೋರಿ
'ಮಿಕ್ಕ ಅನ್ನ'ವಾಗಿರುತ್ತದೆ.
ಅಡುಗೆಯ ಅಪ್ಪಲಸ್ವಾಮಿಗೆ ಅಷ್ಟೇ ಸಾಕು:
ಮಿಕ್ಕದ್ದನ್ನು ಯಾರು ಉಣ್ಣುತ್ತಾರೆ, ಅದು ತಾನೇ ಲೆಕ್ಕ?

ಹಾಗಾದರೆ ಎಣಿಸುವ ಎಂದ.
ಸಿಮೆಂಟು ಚೀಲದ ಕಾಗದ, ಬಡಗಿಯ ಪೆನ್ಸಿಲು.
ಆರಕ್ಕೆ ಶುರು, ಆರಕ್ಕೆ ಮುಗಿತಾಯ.
ಕೂಲಿ, ಬಸ್ಸು, ಈ ಮಂಚದ ಬಾಡಿಗೆ, ಬೇಳೆ,
ಒಂದು ಚದರ ಗಾಜಿಗೆ ಕಂಪನಿ ಹಾಕುವ ದರ
(ಬಿಲ್ಲಿನಲ್ಲಿ ನಾನೇ ಕದ್ದು ನೋಡಿದ್ದು).
ಕೂಡಿ, ಕಳೆದು, ಗೀಟು ಎಳೆದ.
ನಮ್ಮ ಸಂಬಳ ಒಂಬತ್ತಕ್ಕೇ ಮುಗಿಯುತ್ತದೆ,
ಎರಡನೇ ಚಹಾಕ್ಕೂ ಮೊದಲು.

ಬಂಡವಾಳ ಬಯಲಾಯ್ತು ಎಂದೆ ನಾನು.
ಊರಿನ ಮಾತು, ಯಾವ ಭಾಷೆಗೂ ದಾಟಿಸಲಾಗಲಿಲ್ಲ.
ಪೂವಪ್ಪಣ್ಣ ಒಬ್ಬನೇ ಕಣ್ಣಲ್ಲಿ ನೀರು ಬರುವಷ್ಟು ನಕ್ಕ.

ಕೊನೆಗೆ ಬಾವುಟ, ತುತ್ತೂರಿ, ಹಿಮದಲ್ಲಿ ಕುಣಿತ.
ದಿಲ್‌ಬಹಾದೂರ್ ಕೇಳಿದ: ಆಮೇಲೆ?
ಆಮೇಲೆ ಏನಾಯಿತು ಇವರಿಗೆ?
ಆ ದೇಶ ಈಗ ಎಲ್ಲಿದೆ?

ಪೂವಪ್ಪಣ್ಣ ಲೋಟ ತೊಳೆಯಲು ಎದ್ದ.
ನಲ್ಲಿ ಬಹಳ ಹೊತ್ತು ಹರಿಯಿತು.
ತೊಳೆದ ಲೋಟವನ್ನೇ ಮತ್ತೆ ತೊಳೆದು
"ಕ್ಯಾಮರಾ ಹಿಡಿದವ ಅಲ್ಲಿಗೇ ನಿಲ್ಲಿಸಿದ" ಎಂದ.
"ಮುಂದಿನ ರೀಲು ನನ್ನ ಹತ್ತಿರ ಇಲ್ಲ.
ಇದ್ದಿದ್ದರೆ ತೋರಿಸುತ್ತಿದ್ದೆನೋ, ಅದೂ ಗೊತ್ತಿಲ್ಲ."
ಆ ರಾತ್ರಿ ನಾನು ಒಂದಕ್ಷರ ಸೋರದಂತೆ
ಹಿಂದಿಗೆ ದಾಟಿಸಿದ್ದು ಅದೊಂದೇ ಮಾತು.

ಬಾಗಿಲು ಬಡಿಯಿತು. ಕ್ಯಾಂಪ್ ಬಾಸು.
ರೆಪ್ಪೆ ಬಡಿಯುವಷ್ಟರಲ್ಲಿ ನವಿಲಿನ ಮೇಲೆ ಕ್ರಿಕೆಟ್ಟು.
ಅವನೂ ಮಂಚದ ತುದಿಗೆ ಕೂತು ಎರಡು ಓವರು ನೋಡಿದ,
ಸ್ಕೋರು ಕೇಳಿದ, ಹಳೇ ಮ್ಯಾಚೆಂದು ತಿಳಿಯಲಿಲ್ಲ.
ಎದ್ದು ಹೋಗುವಾಗ
ಅವನ ಚಪ್ಪಲಿಯ ಹಿಮ್ಮಡಿಯೂ ಸವೆದಿತ್ತು.

ಶನಿವಾರ. ಹನ್ನೊಂದನೇ ಮಹಡಿ, ಮಂಜು,
ಕೆಳಗೆ ಸಮುದ್ರ ಉಂಟೋ ಇಲ್ಲವೋ.
ಸೊಂಟದ ಕೊಂಡಿ ಸಿಕ್ಕಿಸಿ ಗಾಜಿನ ಅಂಚಿಗೆ ರಬ್ಬರು ಒತ್ತುತ್ತಿದ್ದೆ.
ಯಾರೋ ಸ್ಪ್ಯಾನರಿನಿಂದ ಪೈಪಿಗೆ ಒಂದೇ ಏಟು.
ಠಣ್.
ಗಡಿಯಾರ ನೋಡಿದೆ. ಒಂಬತ್ತು.
ಆರನೇ ಮಹಡಿಯಿಂದ ಇನ್ನೊಂದು.
ಲಿಫ್ಟಿನ ಹೊಂಡದಿಂದ, ತಡವಾಗಿ, ಮತ್ತೊಂದು.

ಫೋರ್‌ಮನ್ನು ತಲೆಯೆತ್ತಿ ಕೂಗಿದ:
ಯಾರ ಸ್ಪ್ಯಾನರು ಬಿದ್ದದ್ದು?

ಯಾರದೂ ಬಿದ್ದಿರಲಿಲ್ಲ.
ಎಲ್ಲರೂ ಕೆಲಸ ಮಾಡುತ್ತಲೇ ಇದ್ದೆವು.