ತಲೆಕಟ್ಟು

ಆದವಾನಿಯ ಹತ್ತಿ ಮಂಡಿಯ ಹಿಂದೆ
ಮುಚ್ಚಿದ ಪ್ರೆಸ್ಸಿನ ಮೊಳೆಗಳನ್ನು
ಮೇಜಿನ ಮೇಲೆ ಹರವಿದ್ದೇನೆ.
ಟ್ಯಾಬ್ಲೆಟ್ ಹಿಡಿದರೆ ಸೀಸದೊಳಗಿಂದ
ಅಕ್ಷರ ಎದ್ದು ಗಾಳಿಯಲ್ಲಿ ನಿಲ್ಲುತ್ತದೆ;
ಬೆರಳು ತಾಗಿಸಿದರೆ ಕನ್ನಡದ ತಲೆಕಟ್ಟು ಬಿಚ್ಚಿ
ತೆಲುಗಿನದನ್ನು ಸುತ್ತಿಕೊಳ್ಳುತ್ತದೆ.
ಶಾಲೆಯ ಮಕ್ಕಳು
ಗ, ಮ, ದಗಳಿಗೆ ರುಮಾಲು ಬದಲಿಸಿ ಬದಲಿಸಿ ನಕ್ಕರು.

ನಲವತ್ತು ವರ್ಷ ಇಲ್ಲೇ ಮೊಳೆ ಜೋಡಿಸಿದ ಹುಸೇನಪ್ಪ
ಟ್ಯಾಬ್ಲೆಟ್ಟನ್ನು ತಲೆಕೆಳಗು ಮಾಡಿದ.
“ಹಿಂಗ ಹಿಡಿದ್ರ ಓದಾಕ ಬರ್ತೈತಿ ನನಗ.”
ಆಮೇಲೆ ಜೇಬಿನಿಂದ ಎರಡು ಮೊಳೆ ತೆಗೆದಿಟ್ಟ:
ಜ. ಲ.

ತೆರೆ ತಡವರಿಸಿತು.
ಬೆರಳಿಟ್ಟೆ, ಒರೆಸಿ ಮತ್ತೆ ಇಟ್ಟೆ.
ಬಿಚ್ಚಲು ಏನಿಲ್ಲ, ಸುತ್ತಲು ಏನಿಲ್ಲ,
ಯಾವ ಭಾಷೆ, ಯಾವ ಭಾಷೆ ಎಂದು
ನಾನು ಬರೆದ ಕೋಡು ಗಿರಗಿರ ತಿರುಗುತ್ತಿತ್ತು.

“ಪುರಸಭೆ ರಸೀದಿಗೆ
ಎರಡೂ ಕಡೆ ಇವನ್ನೇ ಹಾಕ್ತಿದ್ವಿ.
ಬರಿದಲಿಯವು, ಯಾವ ಮನಿಗಾದ್ರೂ ಹೊಕ್ಕಾವ.”

ದೋಷಗಳ ಪಟ್ಟಿಯಲ್ಲಿ ಬರೆದುಕೊಂಡೆ,
ದಿನಾಂಕವನ್ನೂ ಹಾಕಿದೆ.
ಅವನು ಮೊಳೆಗಳನ್ನು ಮತ್ತೆ ಜೇಬಿಗಿಳಿಸಿ,
ಮಸಿ ಹೋಗದ ಹೆಬ್ಬೆರಳು ಬಾಯಿಯತ್ತ ಎತ್ತಿ
ನೀರು ಕೇಳಿದ.