ಕಾದ ನೀರು

ಮೇ ತಿಂಗಳಲ್ಲಿ ಫೋನು ಮಾಡಿದ್ದೆ. ಆಗಸ್ಟಿಗೆ ಕರೆದರು.
ಅಷ್ಟರಲ್ಲಿ ದವಡೆಯ ಹಲ್ಲು
ಮೂರು ಸಲ ಸತ್ತು ನಾಲ್ಕು ಸಲ ಹುಟ್ಟಿತ್ತು.

ಎಂಟೂವರೆಗೆ ಬಾ ಎಂದಿದ್ದರು. ಎಂಟಕ್ಕೇ ಬಂದೆ,
ಮೂವತ್ತೊಂದು ವರ್ಷ ಬಸ್ಸು ಓಡಿಸಿದವನ ಚಾಳಿ.
ಮೊಂತೆವಿದೆಯೊದ ಚಳಿಗಾಳಿ ನದಿಯ ಕಡೆಯಿಂದ ನುಗ್ಗಿ
ಬಾಗಿಲು ತೆರೆದಾಗಲೆಲ್ಲ
ಇಪ್ಪತ್ತು ಕೆನ್ನೆಗಳು ಒಟ್ಟಿಗೆ ಮುದುಡುತ್ತವೆ.

ಕೈಯಲ್ಲಿ ಚೀಟಿ: ನಲವತ್ತೇಳು.
ಗೋಡೆಯ ಮೇಲೆ ಕೆಂಪು ಅಂಕಿ: ಇಪ್ಪತ್ತೊಂಬತ್ತು.
ಹತ್ತಕ್ಕೂ ಇಪ್ಪತ್ತೊಂಬತ್ತೇ, ಹತ್ತೂಕಾಲಿಗೂ,
ಗಾಜಿನ ಹಿಂದೆ ನಿಲ್ದಾ
ಎರಡನೇ ಬಿಸ್ಕತ್ತು ಮುಗಿಸುವವರೆಗೂ.

ಇನ್ನೆಷ್ಟು ಹೊತ್ತು, ಕೇಳಿದೆ.
ಈಗ ಕರೀತಾರೆ, ಅಂದಳು.
ಆ ‘ಈಗ’ ನನಗೆ ಗೊತ್ತು.
ನಿಲ್ದಾಣದಲ್ಲಿ ನಿಂತವರಿಗೆಲ್ಲ ಕಿಟಕಿಯಿಂದ ಕೈಬೀಸಿ
ನಾನೇ ಹಂಚಿದ ಮಾಲು ಅದು:
ಹಿಂದೆ ಇನ್ನೊಂದು ಇದೆ, ಈಗ ಬರುತ್ತೆ.

ಗಾರೆ ಮೆತ್ತಿದ ಬೂಟಿನವನೊಬ್ಬ ಎದ್ದು
ಗಾಜು ಗುದ್ದಿ ಕೂಗಾಡಿದ,
ಹೆಂಡತಿ, ಮಂತ್ರಿ, ಆಸ್ಪತ್ರೆ, ಎಲ್ಲರ ತಾಯಿ.
ಆಮೇಲೆ ಜಾಗ ಹೋದೀತೆಂದು
ಓಡಿ ಬಂದು ಕೂತ.

ಟೀವಿಯಲ್ಲಿ ದನಿಯಿಲ್ಲದೆ ಒಬ್ಬ ಮಾಂಸ ಸುಡುತ್ತಿದ್ದಾನೆ.
ಅಗಿಯಲಾರದ ಅಷ್ಟೂ ಜನ ಅವನನ್ನು
ಪಾದ್ರಿಯನ್ನು ನೋಡುವಂತೆ ನೋಡುತ್ತಿದ್ದೇವೆ.

ಹಲ್ಲು ಕಚ್ಚಿಕೊಂಡು ತಾಳಬೇಕಪ್ಪ, ಅನ್ನುತ್ತಾರೆ ತಿಳಿದವರು.
ಸರಿ.
ಯಾವ ಹಲ್ಲು?

ಕಂಕುಳಲ್ಲಿ ಥರ್ಮಾಸು, ಕೈಯಲ್ಲಿ ಸೋರೆಬುರುಡೆ,
ಅದರ ತುಂಬ ಕಹಿಸೊಪ್ಪು, ಉಕ್ಕಿನ ಹೀರುಗೊಳವೆ.
ಈ ಊರಲ್ಲಿ ಹೆಣ ಹೊರಲು ಹೋದರೂ ಇದು ಜೊತೆಗಿರಬೇಕು.
ಒಂದು ಗುಟುಕು ಎಳೆದೆ.
ಬಿಸಿ ನೇರ ನರಕ್ಕೆ ತಾಗಿ
ಕಣ್ಣಲ್ಲಿ ಹೆಡ್‌ಲೈಟು ಹತ್ತಿತು.

ಪಕ್ಕದ ಮುದುಕಿಗೆ ಚಾಚಿದೆ. ಇಸಿದುಕೊಂಡಳು.
ಹೆಸರು ಸೆಲ್ವಾ ಬಿದೆಗಾಯ್ನ್ ಅಂತೆ,
ಕಟ್ಟುಹಲ್ಲಿನ ಅಳತೆಗೆ ಬಂದವಳು, ಇದು ಮೂರನೇ ಅಳತೆ.
ಸುರ್ರೆಂದು ತಳದವರೆಗೆ ಹೀರಿ,
ನನ್ನ ಮುಖವನ್ನಲ್ಲ,
ಬಲಗಿವಿಯ ಹಿಂದಿನ ಮಚ್ಚೆಯನ್ನು ನೋಡಿ ಅಂದಳು:
ನೀನು ಸೆರ್ರೋ ಬಸ್ಸಿನವನು.

ತೊಂಬತ್ತೆಂಟು. ಜೂನು. ಮಳೆ.
ಕೇಕಿನ ಡಬ್ಬಿ ಹಿಡಿದು ಓಡಿ ಬಂದೆ.
ನೀನು ಕನ್ನಡಿಯಲ್ಲಿ ನನ್ನನ್ನು ನೋಡಿದೆ.
ನೋಡಿದ್ದನ್ನು ನಾನು ನೋಡಿದೆ.
ಬಾಗಿಲು ಮುಚ್ಚಿತು.

ನನಗೆ ನೆನಪಿಲ್ಲ. ಅಂಥವು ಸಾವಿರ.
ವೇಳಾಪಟ್ಟಿ ಅಂತ ಒಂದಿರುತ್ತದಲ್ಲಮ್ಮ, ಅನ್ನಲು ಬಾಯಿ ತೆರೆದೆ;
ತಣ್ಣನೆ ಗಾಳಿ ಹೊಕ್ಕು ಹಲ್ಲು ಒದರಿತು. ಮುಚ್ಚಿದೆ.
ಸ್ವಲ್ಪ ಹೊತ್ತಾದ ಮೇಲೆ, ಒಂದೇ ಕಡೆಯ ತುಟಿಯಿಂದ:
ಕೇಕು ಏನಾಯಿತು?
ಮಗಳಿಗೆ ಹದಿನೈದು ತುಂಬಿದ ದಿನ. ಮುಂದಿನ ಬಸ್ಸು ಐವತ್ತು ನಿಮಿಷಕ್ಕೆ.
ನಿಲ್ದಾಣದಲ್ಲೇ ಕೂತು ಒಂದು ಮೂಲೆ ಮುರಿದು ತಿಂದೆ.
ಆಗ ಹಲ್ಲಿದ್ದವು.
ಇನ್ನೊಂದು ಬುರುಡೆ ನೀರು ಹಾಕು.

ಹಾಕಿದೆ. ಏನು ವಿಚಿತ್ರ,
ಥರ್ಮಾಸಿನಲ್ಲಿ ಕಾದ ನೀರು ಗಂಟೆಗಂಟೆಗೆ ತಣ್ಣಗಾಗುತ್ತದೆ,
ಬೆಂಚಿನ ಮೇಲೆ ಕಾದ ಮನುಷ್ಯ ಬಿಸಿಯಾಗುತ್ತಾನೆ.

ಇಪ್ಪತ್ತೊಂಬತ್ತು ಮೂವತ್ತಾದಾಗ
ಕೆನ್ನೆ ಊದಿದ ಹುಡುಗನೊಬ್ಬ ಚಪ್ಪಾಳೆ ತಟ್ಟಿದ.
ಯಾರೂ ನಗಲಿಲ್ಲ. ನಕ್ಕರೆ ನೋವು.

ಹನ್ನೊಂದೂ ಇಪ್ಪತ್ತಕ್ಕೆ, ಅದು ಯಾವ ದೇವರ ಲೆಕ್ಕವೋ,
ಅಂಕಿ ಮೂವತ್ತಾರರಿಂದ ನಲವತ್ತಾರಕ್ಕೆ ಹಾರಿತು.
ನಡುವಿನವರು ಬೇಸತ್ತು ಎದ್ದು ಹೋಗಿದ್ದರು,
ಬೂಟಿನವನೂ.

ಸೆಲ್ವಾ ಎದ್ದಳು. ಬುರುಡೆ ನನ್ನ ಮಡಿಲಿಗೆ ಬಂತು.
ಒಳಬಾಗಿಲ ಗಾಜಿನಲ್ಲಿ ನನ್ನನ್ನು ನೋಡಿದಳು.
ನೋಡಿದ್ದನ್ನು ನಾನು ನೋಡಿದೆ.
ಬಾಗಿಲು ಮುಚ್ಚಿತು.

ಥರ್ಮಾಸು ಬಗ್ಗಿಸಿದೆ. ಉಗುರುಬೆಚ್ಚಗಿತ್ತು.
ಈಗ ಕುಡಿಯಬಹುದು,
ಬಲಗಡೆಯಿಂದ.